ಶುಕ್ರವಾರ ಹೊರಡದ ಕೋವಿ

ನಾನು ಮದುವೆಯಾಗಿ ಸೇರಿದ ಮನೆಯಲ್ಲಿ ಕೋವಿ ಇದೆಯೆಂದು ಹೆಣ್ಣು ನೋಡಲು ಬಂದವರು ಒಬ್ಬರೂ ಬಾಯಿಬಿಟ್ಟಿರಲಿಲ್ಲ. ಹುಡುಗ ಸರ್ಕಾರಿ ಮೇಷ್ಟ್ರು ಅಂದರು, ಬೇಗೂರಿನಿಂದ ಒಳಕ್ಕೆ ಊರು ಅಂದರು, ಕಾಡಿನ ಕಡೆಗೆ ಹೊಲ, ಮನೆ ತುಂಬ ಹಾಲು ಮೊಸರು ಅಂದರು. ಚಾಮರಾಜನಗರದ ಪೇಟೆ ಬೀದಿಯಲ್ಲಿ ಬೆಳೆದ ನಾನು ಸೇರಕ್ಕಿ ಒದ್ದು ನಡುಮನೆಗೆ ಬಂದು ತಲೆಯೆತ್ತಿದರೆ, ಮಾವನ ಮಂಚದ ಮೇಲ್ಗಡೆ ಎರಡು ಗೂಟಗಳ ಮೇಲೆ ಒಂಟಿ ನಳಿಗೆಯ ತೋಟಾ ಕೋವಿಯೊಂದು ಹಾಯಾಗಿ ಮಲಗಿತ್ತು. ಅದಕ್ಕೂ ಅರಿಶಿನ ಕುಂಕುಮ ಹಚ್ಚಿದ್ದರು. ಈ ಮನೆಗೆ ನನಗಿಂತ ಮೊದಲೇ ಒಬ್ಬಳು ಬಂದು ಕೂತಿದ್ದಾಳೆ ಅಂದುಕೊಂಡೆ.

ಕೋವಿ ಮಾವನ ಅಪ್ಪನ ಕಾಲದ್ದು. ಬೆಳೆ ಕಾಯಲೆಂದು ಸರ್ಕಾರ ಕೊಟ್ಟ ಲೈಸೆನ್ಸು. ಅವರಪ್ಪ ತೀರಿಕೊಂಡ ಮೇಲೆ ಅದನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಮಾವ ಮೈಸೂರಿಗೆ ಅಲೆದು ಅಲೆದು ಚಪ್ಪಲಿ ಸವೆಸಿದ್ದರು. ಅಷ್ಟು ಅಲೆದು ತಂದ ಕೋವಿಯಿಂದ ಅವರು ಏನನ್ನಾದರೂ ಹೊಡೆದದ್ದನ್ನು ಕಂಡವರಿಲ್ಲ. ಹಂದಿಗಳು ಹೊಲಕ್ಕೆ ಇಳಿದರೆ ಆಕಾಶಕ್ಕೆ ಒಂದು ಈಡು, ಅಷ್ಟೆ. ಹಂದಿಗಳೂ ಅದಕ್ಕೆ ಒಗ್ಗಿಕೊಂಡಿದ್ದವು. ಸದ್ದು ಕೇಳಿದರೆ ಎದ್ದು ಪಕ್ಕದವರ ಹೊಲಕ್ಕೆ ಹೋಗುತ್ತಿದ್ದವು. ಹೊಸದಾಗಿ ಯಾರಿಗೂ ಕೋವಿ ಲೈಸೆನ್ಸು ಸಿಗದ ಕಾಲ ಅದು. ಇದ್ದದ್ದು ಒಮ್ಮೆ ಕೈತಪ್ಪಿದರೆ ಮಾವನ ಆಯುಸ್ಸಿನಲ್ಲಿ ಮತ್ತೆ ಬರುವಂತಿರಲಿಲ್ಲ.

ನಮ್ಮಪ್ಪ ಚಾಮರಾಜನಗರದ ಕೋರ್ಟಿನಲ್ಲಿ ವಕೀಲರೊಬ್ಬರ ಗುಮಾಸ್ತ. ಮನೆಯಲ್ಲಿ ಉಪ್ಪು ಜಾಸ್ತಿಯಾದರೂ ಯಾವುದೋ ಸೆಕ್ಷನ್ ಹೇಳುವ ಮನುಷ್ಯ. ಆ ಗುಣ ನನಗೂ ಅಂಟಿತ್ತು. ಕೋವಿ ನೋಡಿದ ಮಾರನೆಯ ದಿನವೇ ನಾನು ಮಾವನಿಗೆ ಕಾನೂನು ಹೇಳತೊಡಗಿದೆ. ಕೋವಿ ಬೇರೆ, ತೋಟಾ ಬೇರೆ ಇಡಬೇಕು. ಯಾರ ಹೆಸರಲ್ಲಿ ಲೈಸೆನ್ಸೋ ಅವರ ಕೈಯಲ್ಲೇ ಇರಬೇಕು. ಊರಿಂದೂರಿಗೆ ಒಯ್ದರೆ ನಳಿಗೆ ಖಾಲಿ ಇರಬೇಕು, ಮೇಲೊಂದು ಚೀಲ ಇರಬೇಕು, ಲೈಸೆನ್ಸ್ ಪುಸ್ತಕ ಜೇಬಿನಲ್ಲಿರಬೇಕು. ಮಾವ ತಾಳ್ಮೆಯಿಂದ ಕೇಳಿ, ಎದ್ದು ಹೋಗಿ ಕಬ್ಬಿಣದ ಟ್ರಂಕು ತೋರಿಸಿದರು. ತೋಟಾಗಳು ಅದರೊಳಗೆ, ಅದರ ಬೀಗದ ಕೈ ಅವರ ಉಡಿದಾರದಲ್ಲಿ. ಆಮೇಲೆ ಚೀಲ ತೋರಿಸಿದರು. ಗುಂಡ್ಲುಪೇಟೆಯಲ್ಲಿ ಸ್ಕೂಲ್ ಬ್ಯಾಗು ಹೊಲಿಯುವ ಸಾಹೇಬರೊಬ್ಬರು ಅಳತೆ ತೆಗೆದುಕೊಂಡು ಹೊಲಿದ ಕ್ಯಾನ್ವಾಸ್ ಚೀಲ. ಕೈರೂಢಿಯಲ್ಲಿ ಅದಕ್ಕೂ ಒಂದು ಪೆನ್ಸಿಲ್ ಜೇಬು ಇಟ್ಟುಬಿಟ್ಟಿದ್ದರು. ಮಾವ ಅದರಲ್ಲಿ ಅಡಕೆ ಇಡುತ್ತಿದ್ದರು. ನನಗೆ ಹೇಳಲು ಏನೂ ಉಳಿಯಲಿಲ್ಲ. ಆದರೂ ಹೇಳುವುದನ್ನು ಬಿಡಲಿಲ್ಲ.

ಚಾಮರಾಜನಗರ ಆಗತಾನೇ ಜಿಲ್ಲೆಯಾಗಿತ್ತು. ದೆಹಲಿಯ ಸರ್ಕಾರಗಳು ನಿಲ್ಲುವ ಮೊದಲೇ ಬೀಳುತ್ತಿದ್ದುದರಿಂದ ಚುನಾವಣೆಗಳೂ ಒಂದರ ಹಿಂದೆ ಒಂದು ಬರುತ್ತಿದ್ದವು. ಚುನಾವಣೆ ಬಂತೆಂದರೆ ಲೈಸೆನ್ಸಿನ ಕೋವಿಗಳನ್ನೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಎಲ್ಲ ಮುಗಿದು ಫಲಿತಾಂಶ ಬಂದ ಮೇಲೆ ವಾಪಸ್ಸು. ಆ ವರ್ಷ ಅಪ್ಪಣೆ ಬಂದಾಗ ನಮ್ಮ ಕಡಲೆಕಾಯಿ ಬಲಿಯುತ್ತಿತ್ತು. ಕೊಡುವುದಂತೂ ಕೊಡಲೇಬೇಕು, ಆದರೆ ಇವತ್ತು ಬೇಡ ಎಂದು ಮಾವ ದಿನ ತಳ್ಳಿದರು. ಇನ್ನೊಂದು ದಿನ ಹೊಲ ಕಾದರೆ ಇನ್ನೊಂದು ದಿನದ ಕಾಯಿ ಉಳಿಯುತ್ತದೆ ಎಂಬ ಲೆಕ್ಕ. ಕೊನೆಯ ದಿನ ಶುಕ್ರವಾರ ಎಂದು ಗೊತ್ತಿದ್ದುದರಿಂದ ಗುರುವಾರ ಮಧ್ಯಾಹ್ನಕ್ಕೆ ಹೊರಡುವುದೆಂದು ತೀರ್ಮಾನವಾಯಿತು. ನನ್ನ ಗಂಡ ಚುನಾವಣೆ ತರಬೇತಿಗೆಂದು ಊರಲ್ಲಿರಲಿಲ್ಲ. ಠಾಣೆಯಲ್ಲಿ ಕೊಡುವ ರಸೀತಿ ಓದಿ ನೋಡಲು ನಾನು ಮಾವನ ಜೊತೆ ಹೋಗಬೇಕಿತ್ತು.

ಅತ್ತೆ ಕೋವಿಗೆ ಹೂವು ಮುಡಿಸಿ, ಆರತಿ ಎತ್ತಿ ಹೊಸಿಲು ದಾಟಿಸಿದರು. ಅವರ ಪಾಲಿಗೆ ಅದು ಮನೆಯ ಲಕ್ಷ್ಮಿ. ನಾವು ಬಸ್ ನಿಲ್ಲುವ ಹುಣಸೆಮರದ ಕೆಳಗೆ ಕೂತೆವು. ನಮ್ಮೂರಿಗೆ ಬರುತ್ತಿದ್ದದ್ದು ಒಂದೇ ಬಸ್ಸು, ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ. ಅದು ಆವತ್ತು ದಾರಿಯಲ್ಲೆಲ್ಲೋ ಕೆಟ್ಟು ನಿಂತಿತ್ತು. ಹೊತ್ತು ಇಳಿಯುವವರೆಗೆ ಕಾದು, ಚೀಲದ ಪೆನ್ಸಿಲ್ ಜೇಬಿನ ಅಡಕೆ ಮುಗಿಸಿ, ನಾಳೆ ಬೆಳಗಿನ ಬಸ್ಸಿಗೇ ಹೋದರಾಯಿತು ಎಂದು ಮನೆಗೆ ಬಂದೆವು. ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು.

ನಾಳೆ ಶುಕ್ರವಾರ ಎಂದರು. ಶುಕ್ರವಾರ ಮನೆಯಿಂದ ಲಕ್ಷ್ಮಿಯನ್ನು ಹೊರಗೆ ಕಳಿಸುವುದುಂಟೆ? ಹಿಂದೊಮ್ಮೆ ಶುಕ್ರವಾರ ಯಾರಿಗೋ ಒನಕೆ ಎರವಲು ಕೊಟ್ಟು, ಅದೇ ವಾರ ಎಮ್ಮೆ ಹಾಲು ಬತ್ತಿಸಿಕೊಂಡ ಕತೆ ಹೊರಗೆ ಬಂತು. ಈಗ ಕೋವಿ ಒಳಗೆ ಬಂದರೆ ನಾಳೆ ಹೊರಡುವಂತಿಲ್ಲ; ನಾಳೆ ಹೊರಡದಿದ್ದರೆ ಲೈಸೆನ್ಸು ಉಳಿಯುವುದಿಲ್ಲ. ಅದಕ್ಕೆ ಅವರ ಬಳಿ ಉಪಾಯವಿತ್ತು. ಒಳ್ಳೆಯ ದಿನ ಪ್ರಯಾಣ ಹೊರಡಲು ಆಗದಿದ್ದರೆ, ಒಯ್ಯಬೇಕಾದ ಗಂಟನ್ನು ಆ ದಿನವೇ ಬೇರೆಯವರ ಮನೆಯಲ್ಲಿ ಇಟ್ಟು ಬರುತ್ತಾರಲ್ಲ, ಹಾಗೆ. ಗಂಟು ಹೊಸಿಲು ದಾಟಿದರೆ ಪ್ರಯಾಣ ಆವತ್ತೇ ಶುರುವಾಯಿತೆಂದು ಲೆಕ್ಕ. ಶಾಸ್ತ್ರ ಬಲ್ಲವರು ಇದನ್ನು ಪ್ರಸ್ಥಾನ ಎನ್ನುತ್ತಾರೆ. ನಮ್ಮತ್ತೆ ಮದುವೆ ದಿಬ್ಬಣ ಹೊರಡುವಾಗ ಇಂಥದ್ದನ್ನು ಎಷ್ಟೋ ಮಾಡಿಸಿದ್ದವರು. ಕೋವಿ ಇವತ್ತು ರಾತ್ರಿ ಎದುರು ಮನೆಯಲ್ಲಿರಲಿ, ನಾಳೆ ಅಲ್ಲಿಂದಲೇ ಹೊರಡಲಿ ಎಂದರು.

ನನಗೆ ತಲೆಗೇರಿತು. ಲೈಸೆನ್ಸ್ ಇಲ್ಲದವರ ಮನೆಯಲ್ಲಿ ಕೋವಿ ಇಟ್ಟರೆ ಇಟ್ಟವರಿಗೂ ಶಿಕ್ಷೆ, ಇಟ್ಟುಕೊಂಡವರಿಗೂ ಶಿಕ್ಷೆ, ಲೈಸೆನ್ಸು ರದ್ದು ಎಂದು ಬೀದಿಗೆ ಕೇಳುವಂತೆ ಹೇಳಿದೆ. ಒಂದು ಸೆಕ್ಷನ್ ನಂಬರನ್ನೂ ಎಸೆದೆ. ಅದು ಯಾವುದರ ಸೆಕ್ಷನ್ನೋ ನನಗೇ ಗೊತ್ತಿರಲಿಲ್ಲ. ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಪೂರ್ತಿ ಕೇಳಿದರು.

"ಕಾನೂನು ಯಾರ ಮನೇಲದೆ ಕಣಮ್ಮಿ? ಪೊಲೀಸಪ್ಪನ ಮನೇಲಿ ತಾನೆ? ಎದುರುಗಡೆ ಇರೋದು ಯಾರ ಮನೆ?"

ಎದುರು ಮನೆ ಪೊಲೀಸ್ ಪೇದೆಯದು. ಮಾವನಿಗೆ ದೂರದಲ್ಲಿ ತಮ್ಮನ ಮಗನಾಗಬೇಕು. ಗುಂಡ್ಲುಪೇಟೆಯಲ್ಲಿ ಕೆಲಸ, ಆವತ್ತು ಡ್ಯೂಟಿ ಮೇಲಿದ್ದ. ಮನೆಯಲ್ಲಿ ಅವನ ಹೆಂಡತಿ ಮತ್ತು ಕೂಸು ಮಾತ್ರ. ಪೊಲೀಸಿನವನಾದರೂ ಅವನ ಮನೆ ಠಾಣೆಯಲ್ಲ, ಅವನಿಗೂ ಮಾವನ ಕೋವಿ ಇಟ್ಟುಕೊಳ್ಳುವ ಹಕ್ಕಿಲ್ಲ ಎಂದು ನಾನು ವಾದಿಸುತ್ತಿದ್ದಂತೆಯೇ ಅತ್ತೆ ಬೀದಿ ದಾಟಿ ಆ ಹುಡುಗಿಯನ್ನು ಒಪ್ಪಿಸಿಯೂ ಬಂದಿದ್ದರು. ಮಾವ ನನ್ನ ಕಡೆಗಾಗಲಿ ಅತ್ತೆಯ ಕಡೆಗಾಗಲಿ ಒಂದು ಮಾತೂ ಆಡಲಿಲ್ಲ. ಚೀಲ ಹೆಗಲಿಗೇರಿಸಿಕೊಂಡು ಹೋಗಿ ಎದುರು ಮನೆಯ ಅಟ್ಟದ ಮೇಲಿಟ್ಟು ಬಂದರು. ತೋಟಾಗಳು ನಮ್ಮ ಟ್ರಂಕಿನಲ್ಲೇ ಇದ್ದವು. ಕೋವಿ ಬೇರೆ, ತೋಟಾ ಬೇರೆ ಇಡಬೇಕೆಂಬ ಕಾನೂನನ್ನು ಇಷ್ಟು ದೂರದಿಂದ ಪಾಲಿಸಿದವರು ತಾಲ್ಲೂಕಿನಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

ಊಟ ಮುಗಿಸಿ ಮಾವ ಕಂಬಳಿ ಹೊದ್ದು ಹೊರಗೆ ಹೋದರು. ದಿನಾ ಹೋಗುವಂತೆ ಹೊಲದ ಅಟ್ಟಣೆಗೆ ಹೋದರೆಂದು ಅತ್ತೆಯೂ ನಾನೂ ಅಂದುಕೊಂಡೆವು. ನಾನು ಸಿಟ್ಟಿನಲ್ಲಿ ಅತ್ತೆಗೆ ಬೆನ್ನು ಮಾಡಿ ಮಲಗಿದೆ. ಅತ್ತೆ ಸುಖವಾಗಿ ನಿದ್ದೆ ಮಾಡಿದರು, ಅದು ನನಗೆ ಇನ್ನೂ ಸಿಟ್ಟು ತರಿಸಿತು.

ಬೆಳಿಗ್ಗೆ ಮಾವ ಬಂದು ಮುಖ ತೊಳೆದು ಜಗುಲಿಯಲ್ಲಿ ಕೂತಿದ್ದರು. ಬಸ್ಸಿಗೆ ಇನ್ನೂ ಹೊತ್ತಿತ್ತು. ಆಗ ಸೈಕಲ್ಲಿನ ಗಂಟೆ ಕೇಳಿಸಿತು. ನೋಡಿದರೆ ಎದುರು ಮನೆಯ ಪೇದೆ, ಯೂನಿಫಾರ್ಮಿನಲ್ಲಿ. ಡ್ಯೂಟಿ ಮುಗಿಸಿ ಬಂದವನಲ್ಲ, ಡ್ಯೂಟಿಯ ಮೇಲೇ ಬಂದವನು. ಕೋವಿ ಒಪ್ಪಿಸದೆ ಉಳಿದವರನ್ನು ಎಬ್ಬಿಸಿ ಕಳಿಸು, ಇವತ್ತು ಸಂಜೆಯೊಳಗೆ ಬಾರದಿದ್ದರೆ ಲೈಸೆನ್ಸ್ ರದ್ದಿಗೆ ಬರೆಯುತ್ತೇವೆ ಎಂದು ಠಾಣೆಯಿಂದ ಅಟ್ಟಿದ್ದರು. ನಮ್ಮೂರಲ್ಲಿ ಉಳಿದವರು ಮಾವ ಒಬ್ಬರೇ. ಅವನು ತನ್ನ ಮನೆಗೂ ಹೋಗದೆ ನೇರ ನಮ್ಮ ಜಗುಲಿಗೆ ಬಂದು ಕೂತ. ನಾನು ಕಾಫಿ ಕೊಟ್ಟೆ.

ಕೋವಿ ತನ್ನಿ ದೊಡ್ಡಪ್ಪ, ಒಮ್ಮೆ ನೋಡಿಕೊಂಡು ಹೋಗುತ್ತೇನೆ ಎಂದ. ಮಾವ ಕಂಬಳಿಯ ಅಂಚಿನ ದಾರ ಕೀಳುತ್ತ ಕೂತರು. ಅಷ್ಟು ಹೊತ್ತೂ ಬಾಗಿಲಲ್ಲಿದ್ದ ಅತ್ತೆಗೆ ಒಲೆಯ ನೆನಪಾಯಿತು. ಅವನು ಒಳಗೆ ಇಣುಕಿ ಖಾಲಿ ಗೂಟಗಳನ್ನು ನೋಡಿದ. ಕೋವಿ ಗೂಟದ ಮೇಲಿಲ್ಲ, ಠಾಣೆಯಲ್ಲೂ ಇಲ್ಲ. ಓದಿದವರು ಸುಳ್ಳು ಹೇಳುವುದಿಲ್ಲ ಎಂದು ಅವನಿಗೆ ಯಾರು ಹೇಳಿಕೊಟ್ಟಿದ್ದರೋ, ನನ್ನ ಕಡೆ ತಿರುಗಿದ.

ಹಿಂದಿನ ಸಂಜೆ ಬೀದಿಗೆಲ್ಲ ಕೇಳುವಂತೆ ಕಾನೂನು ಹೇಳಿದ್ದ ನಾನು ಈಗ ಇನ್ನಷ್ಟು ಕಾಫಿ ಬೇಕೆ ಎಂದು ಕೇಳಿದೆ. ನಿಜ ಹೇಳಿದರೆ ಮಾವನ ಲೈಸೆನ್ಸು ಹೋಗುತ್ತದೆ. ಸುಳ್ಳು ಹೇಳಿದರೆ ಕೋವಿ ಕಳೆದಿದೆ ಎಂದಾಗುತ್ತದೆ, ಅದು ಇನ್ನೂ ಕೆಟ್ಟದ್ದು. ಮಾವನ ಮುಖ ನೋಡಿದೆ. ಅವರು ಹೇಳು ಎನ್ನುವಂತೆ ತಲೆ ಆಡಿಸಿದರು.

"ನಿಮ್ಮ ಮನೆ ಅಟ್ಟದ ಮೇಲಿದೆ" ಅಂದೆ.

ಅವನು ಕಾಫಿ ಲೋಟ ಕೆಳಗಿಟ್ಟ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಕೂಗಾಡಿದ್ದರೆ ನಮಗೂ ಸಮಾಧಾನವಾಗುತ್ತಿತ್ತು, ಅವನು ಕೂಗಾಡಲಿಲ್ಲ. ಯಜಮಾನನಿಲ್ಲದೆ ಕೋವಿ ಇನ್ನೊಬ್ಬರ ಮನೆ ಸೇರಿದರೆ ಏನಾಗುತ್ತದೆ ಎಂದು ಮೆಲ್ಲಗೆ ವಿವರಿಸಿದ. ನಾನು ಹೇಳಿದ್ದೇ, ಆದರೆ ಅವನು ಹೇಳುವಾಗ ನಿಜವಾಗಿ ಭಯವಾಯಿತು. ಅತ್ತೆ ಒಲೆ ಬಿಟ್ಟು ಬಂದು ಬಾಗಿಲಿಗೆ ಒರಗಿದರು. ತನ್ನದೇ ತಪ್ಪು, ಲಕ್ಷ್ಮಿ ಶುಕ್ರವಾರ ಹೊರಡಬಾರದು ಅಂತ ತಾನೇ ಇಡಿಸಿದೆ ಎಂದರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಆಮೇಲೆ ಅವನು ಮಾವನನ್ನು ಕೇಳಿದ, ರಾತ್ರಿ ಎಲ್ಲಿದ್ದಿರಿ ಎಂದು. ಇನ್ನೆಲ್ಲಿರುತ್ತಾರೆ, ಹೊಲದಲ್ಲಿ ಎಂದು ಅತ್ತೆಯೇ ಉತ್ತರ ಕೊಟ್ಟರು. ಅಷ್ಟರಲ್ಲಿ ಗಂಡನ ಸೈಕಲ್ ಕಂಡು ಎದುರು ಮನೆಯ ಹುಡುಗಿ ಕೂಸನ್ನೆತ್ತಿಕೊಂಡು ಬೀದಿ ದಾಟಿ ಬಂದಿದ್ದಳು.

"ಹೊಲ್ದಲ್ಲಿ ಎಲ್ಲಿದ್ರು ದೊಡ್ಡತ್ತೆ? ರಾತ್ರಿಯೆಲ್ಲಾ ನಮ್ ಜಗುಲೀಲೇ ಇದ್ರಲ್ಲ. ಬಾಗ್ಲಿಗೆ ತಲೆ ಕೊಟ್ಕಂಡು ಮನಗಿದ್ರು. ಚಿಲ್ಕ ಹಾಕಿದ್ದೀಯಾ ಅಂತ ಗಳ್ಗೆಗೊಂದ್ಸಲ ಕೇಳೋರು, ಕೂಸಿಗೇ ಎಚ್ಚರಾಗೋಯ್ತು."

ಎಲ್ಲರೂ ಮಾವನನ್ನು ನೋಡಿದೆವು. ಅವರು ಕಂಬಳಿಯ ದಾರದಿಂದ ಕಣ್ಣೆತ್ತಲಿಲ್ಲ. ಒಂದು ಬಾಗಿಲು, ಆ ಬಾಗಿಲಿಗೆ ಅಡ್ಡವಾಗಿ ಲೈಸೆನ್ಸಿನ ಯಜಮಾನ. ನಮ್ಮಪ್ಪನ ಮಗಳು ನನ್ನೊಳಗೆ ಎದ್ದು ನಿಂತಳು. ನೆಂಟರ ಮನೆಗೆ ಹೋದವರು ತಮ್ಮ ಸಾಮಾನು ಜೊತೆಗೆ ಒಯ್ಯುವುದಿಲ್ಲವೆ, ಸಾಮಾನು ಅಟ್ಟದ ಮೇಲಿದ್ದರೂ ನೆಂಟರದ್ದೇ ಅಲ್ಲವೆ, ಕೋವಿ ಒಂದು ಗಳಿಗೆಯಾದರೂ ಅವರ ಕಾವಲು ತಪ್ಪಿತೆ ಎಂದು ಉಸಿರು ಬಿಡದೆ ಕೇಳಿದೆ. ಪೇದೆ ಟೋಪಿ ಕೈಗೆತ್ತಿಕೊಂಡ. ಠಾಣೆಯಲ್ಲಿ ನಾನೇ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ಒಂದಕ್ಷರ ಮುಚ್ಚಿಡುವುದಿಲ್ಲ, ಆಮೇಲೆ ಸಾಹೇಬರು ಹೇಳಿದ್ದೇ ಸರಿ ಎಂದ. ಟೋಪಿ ಹಾಕಿಕೊಂಡು, ತಣ್ಣಗಾದ ಕಾಫಿಯನ್ನು ಗಟಗಟ ಕುಡಿದ.

ಬಸ್ಸು ಆವತ್ತು ಬಂತು. ಮಾವ ಎದುರು ಮನೆಯ ಅಟ್ಟದಿಂದಲೇ ಚೀಲ ಇಳಿಸಿಕೊಂಡು ಹೊರಟರು, ಅತ್ತೆಯ ಮಾತು ಅಲ್ಲಿಗೂ ನಡೆಯಿತು. ಚೀಲ ನೋಡಿ ಕಂಡಕ್ಟರ್ ಹುಬ್ಬೇರಿಸಿದ. ಮಾವ ಅದರ ಬಾಯಿ ಬಿಚ್ಚಿ, ಕೋವಿಯನ್ನು ಕೀಲಿನಲ್ಲಿ ಮಡಚಿ ಖಾಲಿ ನಳಿಗೆಯನ್ನು ಬೆಳಕಿಗೆ ಹಿಡಿದು ತೋರಿಸಿ, ಮತ್ತೆ ಮುಚ್ಚಿದರು. ಹಿಂದಿನ ಸೀಟಿನಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು ತಾನೂ ಒಮ್ಮೆ ನಳಿಗೆಯೊಳಗೆ ನೋಡಬೇಕೆಂದಳು. ಪೇದೆ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿ ಮುಂದಿನ ಬಾಗಿಲಲ್ಲಿ ನಿಂತಿದ್ದ.

ಬೇಗೂರು ದಾಟಿದ ಮೇಲೆ ನಾನು ತಡೆಯಲಾರದೆ ಕೇಳಿದೆ. ಇಡುವುದು ತಪ್ಪು ಎಂದು ಗೊತ್ತಿದ್ದರೆ ಅತ್ತೆಗೆ ಸಂಜೆಯೇ ಹೇಳಬಹುದಿತ್ತಲ್ಲ, ನನ್ನನ್ನು ಒಬ್ಬಳೇ ಬೀದಿಯಲ್ಲಿ ಕಿರುಚಲು ಯಾಕೆ ಬಿಟ್ಟಿರಿ ಎಂದೆ. ಮಾವ ಕಿಟಕಿಯ ಹೊರಗೆ ನೋಡುತ್ತಲೇ ಮಾತಾಡಿದರು.

"ಕಾನೂನೂ ಮುರೀಬಾರ್ದು, ಅವಳ ಮನಸೂ ಮುರೀಬಾರ್ದು. ಎರಡರ ಮಧ್ಯ ಒಂದು ಜಗುಲಿ ಇತ್ತಲ್ಲವ್ವ, ಅಲ್ಲಿ ಮನೀಕಂಡೆ."

ಠಾಣೆಯ ಮುಂದೆ ನಮ್ಮಂತೆಯೇ ಕೊನೆಯ ದಿನ ನಂಬಿಕೊಂಡವರ ಸಾಲಿತ್ತು. ನಮ್ಮ ಸರದಿ ಬಂದಾಗ ಪೇದೆ ಮುಂದೆ ಹೋಗಿ ಸಾಹೇಬರಿಗೆ ಎಲ್ಲವನ್ನೂ ಹೇಳಿದ. ಅಟ್ಟ, ಶುಕ್ರವಾರ, ಜಗುಲಿ, ಚಿಲಕ, ಒಂದನ್ನೂ ಬಿಡಲಿಲ್ಲ. ಸಾಹೇಬರು ಮಾವನನ್ನು ಹತ್ತಿರ ಕರೆದರು. ಬಾಗಿಲು ಬಿಟ್ಟು ಒಮ್ಮೆಯಾದರೂ ಎದ್ದು ಹೋದಿರಾ ಎಂದು ಕೇಳಿದರು. ಇಲ್ಲ ಸಾಮಿ ಎಂದರು ಮಾವ. ಇನ್ನು ಮುಂದೆ ಕೋವಿ ನಿಮ್ಮ ಮನೆಯ ಗೂಟ ಬಿಟ್ಟರೆ ನೇರ ಇಲ್ಲಿಗೆ ಬರಬೇಕು, ನಡುವೆ ಯಾರ ಮನೆಯಲ್ಲೂ ಇಳಿಯಬಾರದು, ಮತ್ತೆ ಹೀಗಾದರೆ ನಾನೇ ಬರೆದು ಕಳಿಸುತ್ತೇನೆ ಎಂದು ಗದರಿದರು. ಆಮೇಲೆ ದನಿ ಇಳಿಸಿ, ಹೊರಡುವುದಕ್ಕೆ ಶುಕ್ರವಾರ ಆಗದು ಅಂದಿರಿ, ನಮ್ಮ ಠಾಣೆಗೆ ಬರುವುದಕ್ಕೆ ಹೇಗೆ ಎಂದರು. ಬರುವುದಕ್ಕೆ ಬಲು ಒಳ್ಳೆಯ ದಿನ ಎಂದು ಮಾವ ಭರವಸೆ ಕೊಟ್ಟರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಲೈಸೆನ್ಸ್ ಪುಸ್ತಕ ಮಾವನ ಕೈಗೆ ವಾಪಸ್ಸು ಬಂದಾಗ ನಾನು ಗೋಡೆಗೆ ಒರಗಿಕೊಂಡು ಉಸಿರು ಬಿಟ್ಟೆ.

ಕೋವಿಗೆ ಚೀಟಿ ಕಟ್ಟಿ ಒಳಗೆ ಒಯ್ಯುವಾಗ ಮಾವ, ಥಂಡಿ ಗೋಡೆಗೆ ಒರಗಿಸಬೇಡಿ, ಆಗಾಗ ಎಣ್ಣೆ ಬಟ್ಟೆಯಲ್ಲಿ ಒರೆಸಿ ಎಂದು ಹೇಳುತ್ತ ಬಾಗಿಲವರೆಗೂ ಹಿಂದೆಯೇ ಹೋದರು. ಮಗಳನ್ನು ಹಾಸ್ಟೆಲ್ಲಿಗೆ ಬಿಡಲು ಬಂದವರ ಹಾಗಿತ್ತು. ನಾನು ರಸೀತಿಯನ್ನು ಮತ್ತೆ ಮತ್ತೆ ಓದಿದೆ. ಅದರಲ್ಲಿ ತಪ್ಪೇನೂ ಸಿಗದೆ ಸ್ವಲ್ಪ ನಿರಾಸೆಯೇ ಆಯಿತು.

ಊರಿಗೆ ಮರಳಿದಾಗ ಮನೆಗೆ ಬೀಗ ಹಾಕಿತ್ತು. ಅತ್ತೆ ಹೊಲದಲ್ಲಿದ್ದಾರೆ ಎಂದಳು ಎದುರು ಮನೆಯ ಹುಡುಗಿ. ಕಾವಲಿಲ್ಲದ ರಾತ್ರಿಯನ್ನು ಹಂದಿಗಳು ಬಿಟ್ಟಿರಲಿಲ್ಲ. ಕಾಡಿನ ಕಡೆಯ ಮೂಲೆ ಪೂರ್ತಿ ಉತ್ತ ಹಾಗೆ ಮಗುಚಿ ಬಿದ್ದಿತ್ತು. ಬಳ್ಳಿಗಳು ಬೇರು ಮೇಲಾಗಿ ಬಾಡಿದ್ದವು. ಅತ್ತೆ ಅದರ ನಡುವೆ ಕೂತು, ಹಂದಿ ಬಿಟ್ಟ ಕಾಯಿಗಳನ್ನು ಮಣ್ಣು ಕೊಡವಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಬೆಳೆ ಕಾಯುವ ಕೋವಿಯನ್ನು ಉಳಿಸಲು ಮಾವ ಬೆಳೆಯನ್ನೇ ಬಿಟ್ಟು ಬಂದಿದ್ದರೆಂಬುದು ನನಗೆ ಆಗ ಹೊಳೆಯಿತು. ಅತ್ತೆಗೆ ಅದು ಬೆಳಿಗ್ಗೆಯೇ ಹೊಳೆದಿತ್ತು.

ಮಾವ ಬದುವಿನ ಮೇಲೆ ನಿಂತರು. ಬೈಗುಳಕ್ಕೆ ಕಾಯುತ್ತಿದ್ದಾರೆಂದು ಅವರ ಭುಜ ನೋಡಿದರೆ ಗೊತ್ತಾಗುತ್ತಿತ್ತು. ಅತ್ತೆ ಬೈಯಲಿಲ್ಲ. ಲೈಸೆನ್ಸು ಉಳಿಯಿತೆ ಎಂದು ಕೇಳಿದರು. ಉಳಿಯಿತು ಎಂದೆ ನಾನು. ಆಮೇಲೆ ಮಾವನ ಕಡೆ ತಿರುಗಿದರು.

"ನಂಗೊಂದ್ ಮಾತು ಹೇಳ್ಬಾರ್ದಾಗಿತ್ತಾ? ನಾನಾದ್ರೂ ಬಂದು ಹೊಲ ಕಾಯ್ತಿದ್ದೆ."

ಕತ್ತಲಲ್ಲಿ, ಹಂದಿಗಳ ನಡುವೆ, ನೀನು ಹೆದರಿಕೊಳ್ಳುತ್ತೀಯ ಅಂತ ಸುಮ್ಮನಾದೆ ಎಂದರು ಮಾವ.

"ನಂಗೆ ಶುಕ್ರವಾರ ಅಂದ್ರೆ ಭಯ ಕಣ. ಹಂದಿ ಅಂದ್ರೆ ಏನ್ ಭಯ?"

ಮಾವ ನಗತೊಡಗಿದರು. ಅವರು ಹಾಗೆ ಸದ್ದು ಮಾಡಿ ನಗುವುದನ್ನು ನಾನು ಮೊದಲ ಸಲ ನೋಡಿದೆ. ಆಮೇಲೆ ಅತ್ತೆಗೂ ನಗು ತಡೆಯಲಾಗಲಿಲ್ಲ, ಮಡಿಲಿನ ಕಾಯಿಗಳೆಲ್ಲ ಮತ್ತೆ ಮಣ್ಣಿಗೆ ಬಿದ್ದವು. ನಾನೂ ಕೂತು ಆರಿಸತೊಡಗಿದೆ.

ಆವತ್ತು ಸಂಜೆ ಬೇಗ ಉಂಡು ಇಬ್ಬರೂ ಒಂದೊಂದು ಕಂಬಳಿ ಹೊದ್ದು, ಸೀಮೆಎಣ್ಣೆಯ ಖಾಲಿ ಡಬ್ಬವನ್ನೂ ಒಂದು ಕೋಲನ್ನೂ ಹಿಡಿದು ಹೊಲಕ್ಕೆ ಹೋದರು. ಅಷ್ಟು ವರ್ಷ ಕೋವಿ ಹಿಡಿದು ಮಾವ ಒಬ್ಬರೇ ಹೋಗುತ್ತಿದ್ದ ದಾರಿ ಅದು. ಪಾತ್ರೆ ತೊಳೆಯುತ್ತಿದ್ದ ನನಗೆ ಡಬ್ಬ ಬಡಿಯುವ ಸದ್ದು ಕೇಳಿಸಿತು. ಅದು ನಿಂತಾಗ ಅತ್ತೆಯ ಮಾತು, ಮಾವನ ನಗು. ಫಲಿತಾಂಶ ಬಂದು, ಕೋವಿ ಠಾಣೆಯಿಂದ ತಿರುಗಿ ಬಂದು ತನ್ನ ಗೂಟದ ಮೇಲೆ ಮಲಗಿದ ಮೇಲೂ ಅತ್ತೆ ಸಂಜೆ ಹೊಲಕ್ಕೆ ಹೋಗುವುದನ್ನು ಬಿಡಲಿಲ್ಲ.